ಥರ್ಡ್ ಪಾರ್ಟಿ ಅಂದ್ರೆ ಯಾರು?

ನಿಮ್ಮ ಸ್ಕೂಟರಿನ ಸೀಟಿನಡಿಯಲ್ಲೋ, ಕಾರಿನ ಡ್ಯಾಶ್‌ಬೋರ್ಡಿನ ಒಳಗೋ ಒಂದು ಇನ್ಶೂರೆನ್ಸ್ ಕಾಗದ ಇರುತ್ತಲ್ಲ, ಅದನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ನಾವು ಓದುವುದು ಎರಡೇ ಸಂಗತಿ. ಕೊನೇ ತಾರೀಕು ಯಾವುದು, ದುಡ್ಡು ಎಷ್ಟಾಯಿತು. ರಸ್ತೆ ಬದಿ ಕೈ ಅಡ್ಡ ಹಾಕುವ ಪೊಲೀಸಪ್ಪನೂ ತಾರೀಕಿನಿಂದ ಆಚೆಗೆ ಓದುವುದಿಲ್ಲ. ಆದರೆ ಅದರೊಳಗೆ 'ಥರ್ಡ್ ಪಾರ್ಟಿ' ಅನ್ನುವ ಒಂದು ಪದ ಇದೆ. ಇವತ್ತಿನ ಕತೆ ಆ ಪದದ್ದು.

ಫಸ್ಟ್ ಪಾರ್ಟಿ ಅಂದರೆ ದುಡ್ಡು ಕಟ್ಟಿದ ನೀವು. ಸೆಕೆಂಡ್ ಪಾರ್ಟಿ ಅಂದರೆ ದುಡ್ಡು ತೆಗೆದುಕೊಂಡ ಕಂಪನಿ. ಈ ಮೂರನೆಯವನು ಮಾತ್ರ ವಿಚಿತ್ರ. ಅವನು ಸಹಿ ಹಾಕಿಲ್ಲ, ಕಾಸು ಕೊಟ್ಟಿಲ್ಲ, ಹೀಗೊಂದು ಕಾಗದ ಇದೆ ಅಂತ ಅವನಿಗೆ ಗೊತ್ತೂ ಇಲ್ಲ. ಎಲ್ಲೋ ಬೇಕರಿ ಮುಂದೆ ಟೀ ಕುಡಿಯುತ್ತ ನಿಂತಿರಬಹುದು. ಮಗಳನ್ನು ಶಾಲೆಗೆ ಬಿಡಲು ರಸ್ತೆ ದಾಟುತ್ತಿರಬಹುದು. ಅವನು ನೀವೇ ಆಗಿರಬಹುದು, ನಾನೂ ಆಗಿರಬಹುದು. ನಿಮ್ಮ ವಾಹನದ ಮಟ್ಟಿಗೆ ಊರಿನ ಜನರೆಲ್ಲ ಥರ್ಡ್ ಪಾರ್ಟಿಯೇ.

ಸುಮ್ಮನೆ ನಿಂತಿದ್ದ ಈ ಮನುಷ್ಯನಿಗೆ ಇನ್ನೊಬ್ಬರ ಅಪಘಾತದಲ್ಲಿ ಏಟಾದರೆ ಹೊಣೆ ಯಾರದು? ಕೇಳಲು ಸುಲಭದ ಪ್ರಶ್ನೆ. ಆದರೆ ಕೋರ್ಟುಗಳು ಇದರ ಜೊತೆ ಇನ್ನೂರೈವತ್ತು ವರ್ಷದಿಂದ ಗುದ್ದಾಡುತ್ತಿವೆ. (ವಕೀಲ ಮಿತ್ರರು ನಗಬೇಡಿ. ಕೋರ್ಟಿನ ಭಾಷೆ ಬಿಟ್ಟು ಮಾಮೂಲಿ ಭಾಷೆಯಲ್ಲಿ ಹೇಳುತ್ತಿದ್ದೇನೆ.)

ನಮ್ಮ ದೇಶದ ಈ ಕಾನೂನಿನ ಬೇರು ಇಂಗ್ಲೆಂಡಿನಲ್ಲಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ, ಅದೂ ಒಂದು ಪಟಾಕಿಯಿಂದ. 1770ರ ಅಕ್ಟೋಬರ್ ತಿಂಗಳು. ಸಾಮರ್ಸೆಟ್ ಪ್ರಾಂತ್ಯದ ಮಿಲ್ಬೋರ್ನ್ ಪೋರ್ಟ್ ಅನ್ನುವ ಸಣ್ಣ ಊರಿನಲ್ಲಿ ಸಂತೆ. ಸಾಯಂಕಾಲ ಮಾರುಕಟ್ಟೆಯ ಚಾವಣಿಯ ಕೆಳಗೆ ಜನ ಕಿಕ್ಕಿರಿದಿದ್ದಾರೆ. ಶೆಪರ್ಡ್ ಅನ್ನುವವನು ಹಚ್ಚಿದ ಪಟಾಕಿಯೊಂದನ್ನು ಒಳಗೆ ಎಸೆದ. ಅದು ಬಂದು ಬಿದ್ದದ್ದು ಶುಂಠಿ ರೊಟ್ಟಿ ಮಾರುವ ಯೇಟ್ಸ್ ಎಂಬುವನ ಅಂಗಡಿಯ ಮೇಲೆ. ಪಕ್ಕದಲ್ಲಿದ್ದ ವಿಲಿಸ್ ಎಂಬುವನು, ತನಗೂ ಮಾಲಿಗೂ ಬೆಂಕಿ ತಗಲೀತು ಅಂತ, ಅದನ್ನೆತ್ತಿ ಆಚೆ ಒಗೆದ. ಅದು ರಯಲ್ ಅನ್ನುವ ಇನ್ನೊಬ್ಬನ ಅಂಗಡಿ ಮೇಲೆ ಬಿತ್ತು. ಅವನೂ ಎತ್ತಿ ಒಗೆದ. ಈ ಸಲ ಅದು ಸ್ಕಾಟ್ ಎಂಬುವನ ಮುಖಕ್ಕೆ ತಗುಲಿ ಸಿಡಿಯಿತು. ಒಂದು ಕಣ್ಣು ಹೋಯಿತು.

ದೀಪಾವಳಿ ಮಾರನೇ ದಿನದ ಪೇಪರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಯ ಸುದ್ದಿ ಓದುವ ನಮಗೆ ಈ ಕತೆ ಹೊಸದೇನಲ್ಲ. ಬೇರೆಯವರು ಹಚ್ಚಿದ ಪಟಾಕಿಯಿಂದ ನೋಡುತ್ತ ನಿಂತವರ ಕಣ್ಣಿಗೆ ಏಟಾಗುವುದು ನಮ್ಮಲ್ಲೂ ಪ್ರತಿ ವರ್ಷ ಇದ್ದದ್ದೇ.

ಸ್ಕಾಟ್ ದಾವೆ ಹಾಕಿದ್ದು ಮೊದಲು ಎಸೆದ ಶೆಪರ್ಡ್ ಮೇಲೆ. ಮುಖಕ್ಕೆ ಎಸೆದವನು ನಾನಲ್ಲವಲ್ಲ, ರಯಲ್ ಅಲ್ಲವೇ ಅನ್ನುವುದು ಶೆಪರ್ಡ್ ಕಡೆಯ ವಾದ. 1773ರಲ್ಲಿ ತೀರ್ಪು ಬಂತು. ಮಧ್ಯದ ಇಬ್ಬರು ತಮ್ಮನ್ನು ಉಳಿಸಿಕೊಳ್ಳಲು ಆ ಗಳಿಗೆಗೆ ತೋಚಿದ್ದು ಮಾಡಿದರು, ಕೇಡು ಹೊರಟಿದ್ದು ಮೊದಲ ಕೈಯಿಂದ, ಆದ್ದರಿಂದ ಹೊಣೆ ಶೆಪರ್ಡ್‌ನದೇ ಎಂದು ಬಹುಮತದ ನ್ಯಾಯಾಧೀಶರು ಹೇಳಿದರು. ಒಪ್ಪದೇ ಇದ್ದವರು ಒಬ್ಬರೇ, ಇಂಗ್ಲಿಷ್ ಕಾನೂನಿಗೆ ಭಾಷ್ಯ ಬರೆದ ಬ್ಲ್ಯಾಕ್‌ಸ್ಟೋನ್! ನೇರವಾಗಿ ಏಟು ಕೊಟ್ಟದ್ದು ಕೊನೆಯ ಕೈ, ಈ ಬಗೆಯ ದಾವೆ ಶೆಪರ್ಡ್ ಮೇಲೆ ನಡೆಯದು ಅನ್ನುವುದು ಅವರ ಅಭಿಪ್ರಾಯ. ಪಂಡಿತರಾದವರು ಕೆಲವು ಸಲ ಹೀಗೇ... ಕಣ್ಣು ಹೋದವನ ಮುಂದೆ ದಾವೆಯ ನಮೂನೆಯ ಚರ್ಚೆ.

ಸ್ಕಾಟ್ ಪುಣ್ಯವಂತ, ಯಾಕೆಂದರೆ ಬದುಕಿದ್ದ. ಸತ್ತಿದ್ದರೆ ಅವನ ಮನೆಯವರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ತಮಾಷೆಗೆ ಹೇಳುತ್ತಿಲ್ಲ, ಆ ಕಾಲದ ಕಾನೂನೇ ಹಾಗಿತ್ತು. 1808ರಲ್ಲಿ ಬೇಕರ್ ಅನ್ನುವವನ ಮೊಕದ್ದಮೆಯಲ್ಲಿ ಅದು ಸ್ಪಷ್ಟವಾಯಿತು. ಕುದುರೆ ಗಾಡಿ ಮಗುಚಿ ಅವನ ಹೆಂಡತಿಗೆ ಏಟಾಗಿ, ಸುಮಾರು ಒಂದು ತಿಂಗಳು ನರಳಿ ತೀರಿಕೊಂಡಳು. ನ್ಯಾಯಾಧೀಶ ಎಲೆನ್‌ಬರೋ ಹೇಳಿದ್ದೇನೆಂದರೆ, ಆ ಒಂದು ತಿಂಗಳಿಗೆ ಪರಿಹಾರ ಕೇಳಬಹುದು, ಸಾವಿಗೆ ಕೇಳುವಂತಿಲ್ಲ. ಮನುಷ್ಯನ ಸಾವು ಸಿವಿಲ್ ಕೋರ್ಟಿನ ಲೆಕ್ಕಕ್ಕೆ ಬರುವ ನಷ್ಟವೇ ಅಲ್ಲ ಅಂತ. ಅಂದರೆ ಗಾಯ ಮಾಡಿದವನಿಗೆ ಖರ್ಚು, ಕೊಂದವನಿಗೆ ಉಳಿತಾಯ.

ಹಾಗಾದರೆ ಸಾವಿಗೆ ಯಾರೂ ಏನೂ ತೆರುತ್ತಿರಲಿಲ್ಲವೇ? ತೆರುತ್ತಿದ್ದರು, ಆದರೆ ರಾಜನಿಗೆ. ಇಂಗ್ಲೆಂಡಿನಲ್ಲಿ 'ಡಿಯೋಡ್ಯಾಂಡ್' ಅಂತ ಒಂದು ಪುರಾತನ ಪದ್ಧತಿ ಇತ್ತು. ಲ್ಯಾಟಿನ್ ಭಾಷೆಯಲ್ಲಿ ದೇವರಿಗೆ ಕೊಡತಕ್ಕದ್ದು ಅಂತ ಅರ್ಥ. ಗಾಡಿ ಹರಿದು ಯಾರಾದರೂ ಸತ್ತರೆ ಆ ಗಾಡಿಯೇ ಅಪರಾಧಿ. ಗೂಳಿ ತಿವಿದರೆ ಗೂಳಿ. ಸಾವಿನ ವಿಚಾರಣೆಗೆ ಕೂತ ಪಂಚರು ಆ ವಸ್ತುವಿಗೆ ಬೆಲೆ ಕಟ್ಟುತ್ತಿದ್ದರು, ಮಾಲೀಕ ಅಷ್ಟು ಹಣ ದೊರೆಯ ಖಜಾನೆಗೆ ಕಟ್ಟಬೇಕು. ದಾನಧರ್ಮಕ್ಕೆ ಅನ್ನುವುದು ಮೂಲ ಉದ್ದೇಶ.

ನನಗೆ ಈ ಡಿಯೋಡ್ಯಾಂಡ್ ಬಗ್ಗೆ ಓದಿದಾಗಲೆಲ್ಲ ನಮ್ಮ ಪೇಪರುಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುವ ಸುದ್ದಿ ನೆನಪಾಗುತ್ತದೆ. 'ಪರಿಹಾರ ನೀಡದ ಸಾರಿಗೆ ಸಂಸ್ಥೆ: ಬಸ್ ಜಪ್ತಿ'. ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೆ ಬಂದು, ಪ್ರಯಾಣಿಕರನ್ನು ಇಳಿಸಿ, ಬಸ್ಸನ್ನು ಕೋರ್ಟ್ ಆವರಣದಲ್ಲಿ ತಂದು ನಿಲ್ಲಿಸುವ ಚಿತ್ರ. ನೋಡಿದರೆ ಬಸ್ಸೇ ಆರೋಪಿ ಅನ್ನಬೇಕು. ಒಂದೇ ವ್ಯತ್ಯಾಸ, ಇಲ್ಲಿ ಹಣ ಹೋಗುವುದು ಸತ್ತವರ ಮನೆಗೆ. ಆ ಒಂದು ವ್ಯತ್ಯಾಸ ತರಲು ರೈಲು ಬರಬೇಕಾಯಿತು.

ರೈಲು ಬಂದ ಮೇಲೆ ಪಂಚರಿಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಯವರೆಗೆ ಶಿಲಿಂಗುಗಳ ಲೆಕ್ಕದಲ್ಲಿ ಮುಗಿಯುತ್ತಿದ್ದ ಡಿಯೋಡ್ಯಾಂಡ್ ಇದ್ದಕ್ಕಿದ್ದಂತೆ ಆಕಾಶಕ್ಕೇರಿತು. 1841ರ ಕ್ರಿಸ್‌ಮಸ್ ಹಿಂದಿನ ದಿನ ಸಾನಿಂಗ್ ಬಳಿ ರೈಲು ಕುಸಿದ ಮಣ್ಣಿಗೆ ಡಿಕ್ಕಿ ಹೊಡೆದು ಜನ ಸತ್ತಾಗ ಪಂಚರು ಎಂಜಿನ್ನು ಮತ್ತು ಡಬ್ಬಿಗಳ ಮೇಲೆ ಹಾಕಿದ್ದು 1000 ಪೌಂಡು. ಕಂಪನಿಗಳು ಗಾಬರಿಯಾದವು. ಕೊನೆಗೆ 1846ರಲ್ಲಿ ಪಾರ್ಲಿಮೆಂಟು ಎರಡು ಕಾಯ್ದೆ ಒಟ್ಟಿಗೆ ಮಾಡಿತು. ಡಿಯೋಡ್ಯಾಂಡ್ ರದ್ದು. ಅದರ ಬದಲು, ಇನ್ನೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ ಮಕ್ಕಳು ಪರಿಹಾರಕ್ಕೆ ದಾವೆ ಹೂಡಬಹುದು. ಲಾರ್ಡ್ ಕ್ಯಾಂಪ್‌ಬೆಲ್ ಅನ್ನುವವರು ತಂದ ಈ ಎರಡನೇ ಕಾಯ್ದೆಯನ್ನು ಇಲ್ಲಿನ ಬ್ರಿಟಿಷ್ ಸರ್ಕಾರ 1855ರಲ್ಲಿ ನಮ್ಮ ದೇಶಕ್ಕೂ ತಂದಿತು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿ ಆಗಿನ್ನೂ ಎರಡು ವರ್ಷ. ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್ ಅಂತ ಅದರ ಹೆಸರು. ಹಕ್ಕು ಇದ್ದದ್ದು ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಿಗೆ ಮಾತ್ರ. ಅಣ್ಣತಮ್ಮ, ಅಕ್ಕತಂಗಿ ಲೆಕ್ಕಕ್ಕಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಬದಲಾವಣೆಯಲ್ಲಿ ಸಿಕ್ಕಿದ್ದರ ಜೊತೆಗೆ ಒಂದನ್ನು ಕಳೆದುಕೊಂಡೆವು ಅನ್ನುವುದು ನನ್ನ ಅಭಿಪ್ರಾಯ. ಹಳೇ ಪದ್ಧತಿ ಮೂಢನಂಬಿಕೆಯೇ ಇರಲಿ, ಅದು 'ತಪ್ಪು ಯಾರದು' ಅಂತ ಕೇಳುತ್ತಿರಲಿಲ್ಲ. ಗಾಡಿ ನಿನ್ನದಾ, ಸತ್ತಿದ್ದಾನಾ, ಹಾಗಾದರೆ ಕಟ್ಟು, ಅಷ್ಟೇ. ಹೊಸ ಪದ್ಧತಿಯಲ್ಲಿ ಹಣ ಸರಿಯಾದ ಮನೆಗೆ ಹೋಯಿತು, ಆದರೆ ಮೊದಲು ಆ ಮನೆಯವರು ತಪ್ಪನ್ನು ರುಜುವಾತು ಮಾಡಬೇಕು. ದಾರಿಹೋಕನಿಗೆ ಇದೇ ದೊಡ್ಡ ಬಲೆ. ಹಿಂದಿನಿಂದ ಬಂದು ಗುದ್ದಿದ ಗಾಡಿಯ ಬ್ರೇಕು ಹೇಗಿತ್ತು, ಡ್ರೈವರ್ ಏನು ಮಾಡುತ್ತಿದ್ದ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಅದೂ ಸತ್ತ ಮೇಲೆ!

ಮೋಟಾರು ಬಂದಾಗ ಈ ಬಲೆ ಸರಿಯಾಗಿ ಕಾಣಿಸಿತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಅನ್ನುವ ಹೆಂಗಸು ಮಗಳ ಜೊತೆ ನಡೆದು ಹೋಗುತ್ತಿದ್ದಳು. ಪ್ರದರ್ಶನಕ್ಕಾಗಿ ಓಡಿಸುತ್ತಿದ್ದ ಕಾರೊಂದು ಎದುರಿಗೆ ಬಂತು. ಅದನ್ನು ಕಂಡು ಏನು ಮಾಡಬೇಕೆಂದು ತೋಚದೆ ನಿಂತುಬಿಟ್ಟಳು. ಗುದ್ದಿತು, ಸತ್ತಳು. ಬ್ರಿಟನ್ನಿನಲ್ಲಿ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಅವಳೇ. ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿದ್ದೆ ಅಂದ ಚಾಲಕ. ನಾವು ಬಿರುಸಾಗಿ ನಡೆದರೆ ಅಷ್ಟೇ ವೇಗ! ಪಂಚರು 'ಆಕಸ್ಮಿಕ ಸಾವು' ಅಂತ ಬರೆದು ಮುಗಿಸಿದರು. ಚಾಲಕನ ಮೇಲೆ ಮೊಕದ್ದಮೆಯೂ ಇಲ್ಲ. ಇಂಥದ್ದು ಮತ್ತೆಂದೂ ಆಗದಿರಲಿ ಅಂತ ವಿಚಾರಣೆ ನಡೆಸಿದ ಅಧಿಕಾರಿ ಹಾರೈಸಿದರಂತೆ. ಪಾಪ.

ಪಕ್ಕದಲ್ಲಿ ನಿಂತವರಿಗೆ ಅಮೆರಿಕದ ಕೋರ್ಟೂ ಆಗ ಅಂಥಾ ದಯೆ ತೋರಲಿಲ್ಲ. ಅಲ್ಲಿನ ಒಂದು ಕತೆ ಹೇಳಲೇಬೇಕು, ಯಾಕೆಂದರೆ ಅದರಲ್ಲೂ ಪಟಾಕಿ ಇದೆ. 1924ರ ಆಗಸ್ಟ್. ಹೆಲೆನ್ ಪಾಲ್ಸ್‌ಗ್ರಾಫ್ ಅನ್ನುವ ಬಡ ಹೆಂಗಸು ಇಬ್ಬರು ಹೆಣ್ಣುಮಕ್ಕಳ ಜೊತೆ ಸಮುದ್ರ ತೀರಕ್ಕೆ ಹೋಗಲು ನ್ಯೂಯಾರ್ಕಿನ ಒಂದು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಳು. ಇನ್ನೊಂದು ರೈಲು ಹೊರಟಿತ್ತು, ಒಬ್ಬ ಓಡಿ ಬಂದು ಹತ್ತಲು ನೋಡಿದ. ಒಳಗಿದ್ದ ರೈಲ್ವೆ ನೌಕರ ಕೈ ಹಿಡಿದು ಎಳೆದ, ಪ್ಲಾಟ್‌ಫಾರಂ ಮೇಲಿದ್ದವನು ಹಿಂದಿನಿಂದ ನೂಕಿದ. ಅವನ ಕಂಕುಳಲ್ಲಿದ್ದ ಪೇಪರ್ ಸುತ್ತಿದ ಪೊಟ್ಟಣ ಹಳಿ ಮೇಲೆ ಬಿದ್ದು ಸಿಡಿಯಿತು, ಒಳಗೆ ಪಟಾಕಿ ಇತ್ತು. ಆ ಗಲಾಟೆಯಲ್ಲಿ ದೂರದಲ್ಲಿದ್ದ ತೂಕದ ಯಂತ್ರ ಹೆಲೆನ್ ಮೇಲೆ ಉರುಳಿ ಏಟಾಯಿತು. ಜ್ಯೂರಿ ಅವಳಿಗೆ 6000 ಡಾಲರ್ ಕೊಡಿಸಿತು. ಆದರೆ 1928ರಲ್ಲಿ ನ್ಯೂಯಾರ್ಕ್ ರಾಜ್ಯದ ಮೇಲಿನ ಕೋರ್ಟು ನಾಲ್ಕಕ್ಕೆ ಮೂರು ಮತದಲ್ಲಿ ಅದನ್ನು ತಳ್ಳಿಹಾಕಿತು. ನೂಕಿದವನಿಗೆ ಅಷ್ಟು ದೂರ ನಿಂತ ಹೆಂಗಸಿಗೆ ಏಟಾದೀತು ಅಂತ ಊಹಿಸಲು ಸಾಧ್ಯವಿರಲಿಲ್ಲ, ಆದ್ದರಿಂದ ಅವಳ ಬಗ್ಗೆ ರೈಲ್ವೆಗೆ ಹೊಣೆ ಇಲ್ಲ ಅನ್ನುವುದು ನ್ಯಾಯಾಧೀಶ ಕಾರ್ಡೋಜೋ ಅವರ ತರ್ಕ. ಸಾರ್ವಜನಿಕರ ಮಧ್ಯೆ ಅಜಾಗರೂಕನಾದವನು ಎಲ್ಲರಿಗೂ ಉತ್ತರ ಹೇಳಬೇಕು ಅನ್ನುವುದು ವಿರೋಧಿಸಿದ ಆಂಡ್ರೂಸ್ ಅವರ ಮಾತಿನ ಸಾರ. ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಇವತ್ತಿಗೂ ಉರುಹೊಡೆಯುತ್ತಾರೆ. ನಾನು ಮಾತ್ರ ಆಂಡ್ರೂಸ್ ಪಕ್ಷ.

ಈಗ ಮೊದಲಿನ ಕಾಗದಕ್ಕೆ ಬರೋಣ. ತಪ್ಪು ರುಜುವಾತಾಗಿ ಕೋರ್ಟು ಪರಿಹಾರ ಕೊಡಿ ಅಂದರೂ ಡ್ರೈವರ್ ಹತ್ತಿರ ದುಡ್ಡೇ ಇಲ್ಲದಿದ್ದರೆ? ಡಿಕ್ರಿ ಕಾಗದವನ್ನು ನೆಕ್ಕಬೇಕೇ? ರಸ್ತೆಯಲ್ಲಿ ಕಾರು ಹೆಚ್ಚಿದಂತೆ ಈ ಸಮಸ್ಯೆ ದೊಡ್ಡದಾಗಿ, 1930ರಲ್ಲಿ ಬ್ರಿಟನ್ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ನಿನ್ನ ಕಾರಿಗೆ, ನಿನ್ನ ಮೈಗೆ ವಿಮೆ ಮಾಡಿಸುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ. ಆದರೆ ರಸ್ತೆಯಲ್ಲಿ ಸಿಗುವ ಅಪರಿಚಿತನಿಗಾಗಿ ಮಾಡಿಸಲೇಬೇಕು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಈ ಅಧ್ಯಾಯ ಸೇರಿತು. ಆದರೆ ಯುದ್ಧವೆಲ್ಲ ಮುಗಿದು ಜಾರಿಗೆ ಬಂದದ್ದು 1946ರ ಜುಲೈ 1ಕ್ಕೆ. ಆಮೇಲೆ 1956ರ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳು ಬಂದವು. ಅಲ್ಲಿಯವರೆಗೆ ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಫೀಸು ಕಟ್ಟಿ ಸಿವಿಲ್ ಕೋರ್ಟಿನಲ್ಲಿ ಅಲೆಯಬೇಕಿತ್ತು. ಮನೆ ನಡೆಸುವವನೇ ಸತ್ತಿರುವಾಗ ಫೀಸು ಎಲ್ಲಿಂದ ತರುವುದು?

ಹಣ ಬರುವ ಕೊಳವೆ ಸಿದ್ಧವಾಯಿತು. ಆದರೆ ಕೊಳಾಯಿಯ ತಿರುಪು ಇನ್ನೂ 'ತಪ್ಪಿ'ನ ಕೈಯಲ್ಲೇ ಇತ್ತು. ಕಡ್ಡಾಯ ವಿಮೆ ಬಂದ ಮೇಲೂ ತಪ್ಪು ಯಾಕೆ ತೋರಿಸಬೇಕು ಅಂತ ಕೆಲವು ಹೈಕೋರ್ಟುಗಳು ಕೇಳಲು ಶುರುಮಾಡಿದ್ದವು. 1977ರಲ್ಲಿ ಮೀನೂ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಬಾಗಿಲು ಹಾಕಿತು. ನಿರ್ಲಕ್ಷ್ಯ ರುಜುವಾತಾಗದೆ ಮಾಲೀಕನೂ ಹೊಣೆಯಲ್ಲ, ಕಂಪನಿಯೂ ಹೊಣೆಯಲ್ಲ ಅಂತ.

ಸಂಸತ್ತು 1982ರಲ್ಲಿ ಒಂದು ಕಿಟಕಿ ತೆರೆಯಿತು. ಆ ವರ್ಷದ ಅಕ್ಟೋಬರಿನಿಂದ, ತಪ್ಪು ಯಾರದೇ ಇರಲಿ, ವಾಹನದಿಂದ ಸಾವಾದರೆ 15000 ರೂಪಾಯಿ, ಶಾಶ್ವತ ಅಂಗವೈಕಲ್ಯವಾದರೆ 7500 ರೂಪಾಯಿ. ಹೆಚ್ಚು ಬೇಕಿದ್ದರೆ ತಪ್ಪು ತೋರಿಸಿ.

ಈ ಸಣ್ಣ ಮೊತ್ತಕ್ಕೂ ಎಂಥಾ ಜಗ್ಗಾಟ ನಡೆಯಿತು ಅನ್ನುವುದಕ್ಕೆ ನಮ್ಮದೇ ಪುಣೆ-ಬೆಂಗಳೂರು ಹೆದ್ದಾರಿಯ ಒಂದು ಪ್ರಕರಣ ಇದೆ. 1987ರ ಅಕ್ಟೋಬರ್ 29, ಬೆಳಗಿನ ಜಾವ. ಪುಣೆ ಕಡೆಯಿಂದ ಬೆಂಗಳೂರಿನ ಕಡೆಗೆ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರ್ ಮಹಾರಾಷ್ಟ್ರದ ಒಂದು ಹಳ್ಳಿಯ ಹತ್ತಿರ ಎದುರಿನ ಲಾರಿಗೆ ತಾಗಿ, ರಸ್ತೆಯಿಂದಾಚೆ ಮಗ್ಗುಲಾಗಿ ಬಿತ್ತು. ಪೆಟ್ರೋಲು ಸೋರತೊಡಗಿತು. ಬೆಳಕು ಹರಿಯುವ ಹೊತ್ತಿಗೆ ಜನ ಸೇರಿದರು. ಸುಮಾರು ನಾಲ್ಕು ಗಂಟೆಯ ನಂತರ ಟ್ಯಾಂಕರ್ ಸಿಡಿದು ಬೆಂಕಿ ಹತ್ತಿತು. ಸುತ್ತ ನಿಂತವರಲ್ಲಿ ಹಲವರು ಸುಟ್ಟುಹೋದರು.

ಇವರು ಯಾರು? ಟ್ಯಾಂಕರಿನಲ್ಲಿ ಇದ್ದವರಲ್ಲ, ಲಾರಿಯಲ್ಲಿ ಇದ್ದವರೂ ಅಲ್ಲ. ಅಪ್ಪಟ ಥರ್ಡ್ ಪಾರ್ಟಿ. ಸತ್ತವರ ಮನೆಯವರು 15000ಕ್ಕೆ ಅರ್ಜಿ ಹಾಕಿದರೆ, ನ್ಯಾಯಮಂಡಳಿ ಇಲ್ಲ ಅಂದಿತು. ಡಿಕ್ಕಿಯಾದದ್ದು ರಾತ್ರಿ, ಸಿಡಿದದ್ದು ಬೆಳಿಗ್ಗೆ. ನಿಂತ ಟ್ಯಾಂಕರ್ 'ಬಳಕೆ'ಯಲ್ಲಿ ಇರಲಿಲ್ಲ, ಆದ್ದರಿಂದ ಇದು ವಾಹನದ ಬಳಕೆಯಿಂದ ಆದ ಅಪಘಾತವಲ್ಲ ಅನ್ನುವ ವಾದ. ಹೈಕೋರ್ಟು ಒಪ್ಪಲಿಲ್ಲ. ಟ್ಯಾಂಕರ್ ಮಾಲೀಕ ಸುಪ್ರೀಂ ಕೋರ್ಟಿಗೆ ಹೋದ. 1991ರಲ್ಲಿ ತೀರ್ಪು ಬಂತು. ಬಳಕೆ ಅಂದರೆ ಚಕ್ರ ತಿರುಗುವುದು ಮಾತ್ರವಲ್ಲ, ಕೆಟ್ಟು ನಿಂತ ವಾಹನವೂ ರಸ್ತೆಯಲ್ಲಿ ಬಳಕೆಯಲ್ಲೇ ಇದೆ, ಡಿಕ್ಕಿಗೂ ಸೋರಿಕೆಗೂ ಸ್ಫೋಟಕ್ಕೂ ನಂಟಿದೆ ಅಂತ. ಹದಿನೈದು ಸಾವಿರ ರೂಪಾಯಿಗೆ, ದಿಲ್ಲಿಯವರೆಗೆ, ಸುಮಾರು ನಾಲ್ಕು ವರ್ಷ!

ಪೆಟ್ರೋಲು ತುಂಬಿಕೊಳ್ಳಲು ಬಂದವರಿಗೆ ಏಕೆ ಪರಿಹಾರ ಅಂತ ಇಂಥ ಸುದ್ದಿ ಬಂದಾಗೆಲ್ಲ ಕೆಲವರು ಕೇಳುತ್ತಾರೆ. ಸೋರುವ ಟ್ಯಾಂಕರಿನ ಸುತ್ತ ಒಂದು ಹಗ್ಗ ಕಟ್ಟಿ, ಒಬ್ಬ ಕಾವಲಿನವನನ್ನು ನಿಲ್ಲಿಸಲು ನಾಲ್ಕು ಗಂಟೆ ಸಾಕಾಗಿತ್ತು ಅನ್ನುವುದು ನನ್ನ ಉತ್ತರ. ಆ ಕೆಲಸ ಮಾಡಬೇಕಾದವರು ಹಳ್ಳಿಯವರಲ್ಲ.

ಅದೇ 1987ರಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಬಂತು, ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. (ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು.) ಗುಜರಾತಿನಲ್ಲಿ ಸರ್ಕಾರಿ ಬಸ್ಸಿನಿಂದಾದ ಅಪಘಾತದಲ್ಲಿ 14 ವರ್ಷದ ಹುಡುಗನೊಬ್ಬ ಸತ್ತಿದ್ದ. ಪರಿಹಾರ ಕೇಳಿದವರು ಅವನ ಅಣ್ಣತಮ್ಮಂದಿರು. 1855ರ ಕಾಯ್ದೆಯ ಪಟ್ಟಿ ನೆನಪಿದೆಯಲ್ಲ? ಅದರಲ್ಲಿ ಅಣ್ಣತಮ್ಮ ಇಲ್ಲ, ಆದ್ದರಿಂದ ಕೊಡುವುದಿಲ್ಲ ಅಂದಿತು ಸಾರಿಗೆ ನಿಗಮ. ನಮ್ಮ ದೇಶದ ಮನೆಗಳಲ್ಲಿ ಅಣ್ಣ, ತಮ್ಮ, ತಂಗಿ, ಅಣ್ಣನ ಮಕ್ಕಳು, ಒಮ್ಮೊಮ್ಮೆ ಸಾಕಿಕೊಂಡ ಮಕ್ಕಳೂ ಒಟ್ಟಿಗೇ ಬದುಕುತ್ತಾರೆ, ಒಬ್ಬರ ದುಡಿಮೆ ಮೇಲೆ ಎಲ್ಲರೂ ನಿಂತಿರುತ್ತಾರೆ ಅನ್ನುವುದನ್ನು ಗಮನಿಸಿ ವೆಂಕಟರಾಮಯ್ಯನವರು ಆ ವಾದವನ್ನು ತಳ್ಳಿದರು. ಲಂಡನ್ನಿನ ಕುಟುಂಬವನ್ನು ನೋಡಿ ಬರೆದ ಪಟ್ಟಿಗೆ ನಮ್ಮ ಅವಿಭಕ್ತ ಕುಟುಂಬ ಹಿಡಿಸಲು ನೂರ ಮೂವತ್ತು ವರ್ಷ ಹಿಡಿಯಿತು.

ಆ ತೀರ್ಪಿನಲ್ಲಿ ಅವರು ಹೇಳಿದ ಇನ್ನೊಂದು ಮಾತು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೋಟಾರು ವಾಹನ ಹೆಚ್ಚಿರುವ ಈ ಕಾಲದಲ್ಲಿ, ತನ್ನದೇನೂ ತಪ್ಪಿಲ್ಲದ ಪಾದಚಾರಿಗೆ ವಾಹನದಿಂದ ಏಟಾದರೆ ಅಥವಾ ಸಾವಾದರೆ, ಚಾಲಕ ನಿರ್ಲಕ್ಷ್ಯ ಮಾಡಿರಲಿ ಬಿಡಲಿ, ಅವನಿಗೋ ಅವನ ಮನೆಯವರಿಗೋ ಪರಿಹಾರ ಸಿಗಬೇಕು, ಸಾಮಾಜಿಕ ನ್ಯಾಯ ಅನ್ನುವುದಕ್ಕೆ ಅರ್ಥ ಇರುವುದಾದರೆ. ಬರೀ ಸಾಂತ್ವನದ ಮೊತ್ತವಲ್ಲ, ಪರಿಹಾರ. ಹಳೇ ಡಿಯೋಡ್ಯಾಂಡಿನ ನೇರ ಲೆಕ್ಕವೂ ಹೊಸ ಕಾನೂನಿನ ಮಾನವೀಯತೆಯೂ ಆ ವಾಕ್ಯದಲ್ಲಿ ಒಟ್ಟಿಗೆ ಸೇರಿದೆ ಅನ್ನಿಸುತ್ತದೆ ನನಗೆ.

ಇದಕ್ಕೆ ಅವರು ಆಧಾರವಾಗಿ ಹಿಡಿದದ್ದು ಮತ್ತೊಂದು ಹಳೇ ಇಂಗ್ಲಿಷ್ ಮೊಕದ್ದಮೆ. 1860ರಲ್ಲಿ ಲ್ಯಾಂಕಶೈರಿನ ಗಿರಣಿ ಮಾಲೀಕ ರೈಲ್ಯಾಂಡ್ಸ್ ಕಟ್ಟಿಸಿದ ಕೆರೆಯ ನೀರು ತಳದ ಹಳೇ ಗುಂಡಿಗಳ ಮೂಲಕ ನುಗ್ಗಿ ಪಕ್ಕದ ಫ್ಲೆಚರ್‌ನ ಕಲ್ಲಿದ್ದಲು ಗಣಿ ಮುಳುಗಿತ್ತು. ರೈಲ್ಯಾಂಡ್ಸ್‌ನ ಖುದ್ದು ತಪ್ಪೇನೂ ಇರಲಿಲ್ಲ, ಕಟ್ಟಿದವರು ಕಂಟ್ರಾಕ್ಟರರು. ಆದರೂ ತಪ್ಪಿಸಿಕೊಂಡರೆ ಅಪಾಯ ಮಾಡುವಂಥ ವಸ್ತುವನ್ನು ತಂದಿಟ್ಟುಕೊಂಡವನೇ ಅದಕ್ಕೆ ಹೊಣೆ ಅಂತ 1868ರಲ್ಲಿ ಅಲ್ಲಿನ ಪ್ರಭುಗಳ ಸಭೆ ತೀರ್ಮಾನಿಸಿತು. ನೀರು, ಅನಿಲ, ಕರೆಂಟು, ಈಗ ರಸ್ತೆಯ ಮೇಲಿನ ಕಾರು. ನಮ್ಮ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿತ್ತು. ಭೋಪಾಲ್ ಆಗಿ ಒಂದು ವರ್ಷಕ್ಕೆ, 1985ರ ಡಿಸೆಂಬರಿನಲ್ಲಿ ದಿಲ್ಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ 1986ರಲ್ಲಿ ಮುಖ್ಯ ನ್ಯಾಯಮೂರ್ತಿ ಭಗವತಿಯವರು, ಅಪಾಯಕಾರಿ ಉದ್ದಿಮೆ ನಡೆಸುವವನಿಗೆ ಯಾವ ವಿನಾಯಿತಿಯೂ ಇಲ್ಲದ ಪೂರ್ಣ ಹೊಣೆ ಅಂದರು. ಮಧ್ಯಪ್ರದೇಶದಲ್ಲಿ 1997ರ ಒಂದು ಮಳೆಯ ರಾತ್ರಿ ರಸ್ತೆಯಲ್ಲಿ ತುಂಡಾಗಿ ಬಿದ್ದಿದ್ದ ಕರೆಂಟ್ ತಂತಿ ತಗುಲಿ ಸೈಕಲ್ ಸವಾರನೊಬ್ಬ ಸತ್ತ. ಯಾರೋ ಕಳ್ಳತನದಿಂದ ಲೈನು ಎಳೆದುಕೊಂಡಿದ್ದು ಕಾರಣ, ನಾವಲ್ಲ ಅಂದಿತು ವಿದ್ಯುತ್ ಮಂಡಳಿ. ಹರಿಸುತ್ತಿರುವ ಕರೆಂಟು ನಿಮ್ಮದು, ಹೊಣೆಯೂ ನಿಮ್ಮದೇ ಅಂತ 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಳೆಗಾಲದಲ್ಲಿ ನಮ್ಮೂರುಗಳ ರಸ್ತೆಯಲ್ಲಿ ಓಡಾಡುವವರು ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಮೋಟಾರಿಗೆ ಈ ತತ್ವ ನೇರವಾಗಿ ಬಂದದ್ದು 2001ರಲ್ಲಿ, ಕೌಶ್ನುಮಾ ಬೇಗಂ ಪ್ರಕರಣದಲ್ಲಿ. 1986ರಲ್ಲಿ ಜೀಪೊಂದರ ಮುಂದಿನ ಟೈರು ಸಿಡಿದು, ಜೀಪು ಮಗುಚಿ, ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಆಕೆಯ ಗಂಡನಿಗೆ ಬಡಿದಿತ್ತು. ಟೈರು ಸಿಡಿದರೆ ಡ್ರೈವರ್ ಏನು ಮಾಡಿಯಾನು, ನಿರ್ಲಕ್ಷ್ಯ ಇಲ್ಲ ಅಂತ ನ್ಯಾಯಮಂಡಳಿ ಪೂರ್ಣ ಪರಿಹಾರ ಕೊಡಲಿಲ್ಲ, ಹೈಕೋರ್ಟೂ ಕೊಡಲಿಲ್ಲ. ಸುಪ್ರೀಂ ಕೋರ್ಟು ರೈಲ್ಯಾಂಡ್ಸ್ ಸೂತ್ರವನ್ನೇ ಹಿಡಿದು ಕೊಡಿಸಿತು. ಡ್ರೈವರಿನ ತಪ್ಪೂ ಇಲ್ಲ, ನಡೆಯುತ್ತಿದ್ದವನ ತಪ್ಪೂ ಇಲ್ಲ. ಇಬ್ಬರಲ್ಲಿ ಯಾರಾದರೂ ಒಬ್ಬರು ನಷ್ಟ ಹೊರಲೇಬೇಕು. ಜೀಪನ್ನು ರಸ್ತೆಗೆ ತಂದವನೋ, ಬರೀ ಕಾಲಲ್ಲಿ ಬಂದವನೋ? ಹೀಗೆ ಕೇಳಿದರೆ ಉತ್ತರ ಮಗುವಿಗೂ ಗೊತ್ತಾಗುತ್ತದೆ. ಆ ಸಂಸಾರಕ್ಕೆ ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು.

ಅಂದ ಹಾಗೆ, ಡ್ರೈವರ್ ಲೈಸೆನ್ಸ್ ನಕಲಿ ಅಂತ ಕಂಪನಿಗಳು ಕೈ ತೊಳೆದುಕೊಳ್ಳುವುದಕ್ಕೂ 2004ರಲ್ಲಿ ಒಂದು ಮಟ್ಟಿಗೆ ಕಡಿವಾಣ ಬಿತ್ತು. ಮೊದಲು ದಾರಿಹೋಕನಿಗೆ ಕೊಡು, ಆಮೇಲೆ ಬೇಕಾದರೆ ಮಾಲೀಕನಿಂದ ವಸೂಲಿ ಮಾಡಿಕೋ ಅನ್ನುವ ದಾರಿ. ಜಗಳ ಫಸ್ಟ್ ಪಾರ್ಟಿಗೂ ಸೆಕೆಂಡ್ ಪಾರ್ಟಿಗೂ ಇರಲಿ, ಮೂರನೆಯವನು ಕಾಯಬೇಕಿಲ್ಲ.

ಹಾಗಂತ ವೆಂಕಟರಾಮಯ್ಯನವರು ಹೇಳಿದ್ದು ಪೂರ್ತಿ ಕಾನೂನಾಗಿದೆಯೇ? ಇಲ್ಲ. 2019ರ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್‌ನಿಂದ, ತಪ್ಪು ತೋರಿಸದೆ ಸಿಗುವ ಮೊತ್ತ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಹದಿನೈದು ಸಾವಿರದಿಂದ ನೋಡಿದರೆ ದೊಡ್ಡ ನೆಗೆತವೇ. ಆದರೆ ಅದನ್ನು ಒಪ್ಪಿಕೊಂಡರೆ ಪೂರ್ಣ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ಮೂವತ್ತು ವರ್ಷ ದುಡಿಯಬೇಕಿದ್ದವನು ಸತ್ತರೆ, ಮನೆಯವರು ಈಗಲೂ ಐದು ಲಕ್ಷ ತೆಗೆದುಕೊಂಡು ಸುಮ್ಮನಾಗಬೇಕು, ಇಲ್ಲವೇ ನ್ಯಾಯಮಂಡಳಿಯಲ್ಲಿ ತಪ್ಪು ಯಾರದು ಅನ್ನುವ ಹಳೇ ಪ್ರಶ್ನೆ ಎದುರಿಸಬೇಕು. ಅರ್ಜಿಗೆ 1994ರಲ್ಲಿ ತೆಗೆದುಹಾಕಿದ್ದ ಗಡುವನ್ನೂ ಇದೇ ತಿದ್ದುಪಡಿ ಆರು ತಿಂಗಳೆಂದು ಮತ್ತೆ ತಂದಿತು. ಯಾರ ಒತ್ತಾಯಕ್ಕೋ ಏನೋ, ಕಾಲು ಮುರಿದು ಮಲಗಿದವನ ಅನುಕೂಲಕ್ಕಂತೂ ಅಲ್ಲ.

ಎಲ್ಲಕ್ಕಿಂತ ಕೆಳಗೆ ಇರುವವನು ಗುದ್ದಿದ ಗಾಡಿ ಯಾವುದೆಂದೇ ತಿಳಿಯದವನು. ಹಿಟ್ ಅಂಡ್ ರನ್. ಇಲ್ಲಿ ಜಪ್ತಿ ಮಾಡಲು ಬಸ್ಸಿಲ್ಲ, ಕೇಳಲು ಕಂಪನಿಯಿಲ್ಲ, ಥರ್ಡ್ ಪಾರ್ಟಿ ಒಬ್ಬನೇ ಉಳಿದ. 1988ರ ಕಾಯ್ದೆಯಲ್ಲಿ ಇವನ ಸಾವಿಗೆ 8500 ರೂಪಾಯಿ ಇತ್ತು. 1994ರಲ್ಲಿ 25000 ಆಗಿ, ಇಪ್ಪತ್ತೆಂಟು ವರ್ಷ ಅಲ್ಲೇ ನಿಂತಿತ್ತು. 2022ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50000 ಆಯಿತು. ಇದನ್ನೂ ಕೇಳುವವರು ಬಹಳ ಕಡಿಮೆ ಅನ್ನುವುದನ್ನು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಗಮನಿಸಿತು. ದೂರು ದಾಖಲಾಗಿ ಒಂದು ತಿಂಗಳಾದರೂ ವಾಹನ ಪತ್ತೆಯಾಗದಿದ್ದರೆ, ನೀವು ಹೀಗೆ ಪರಿಹಾರ ಕೇಳಬಹುದು ಅಂತ ಪೊಲೀಸರೇ ಗಾಯಾಳುವಿಗೆ ಅಥವಾ ಸತ್ತವರ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಅಂತ ಆದೇಶಿಸಿತು. ಇದಕ್ಕೆ ವಕೀಲರಾಗಲಿ ನ್ಯಾಯಮಂಡಳಿಯಾಗಲಿ ಬೇಕಿಲ್ಲ. ಅರ್ಜಿ ಕೊಡಬೇಕಾದದ್ದು ಅಪಘಾತ ನಡೆದ ಜಾಗದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ.